ಮೇಲಿನ ಬೀದಿಗೆ ಎರಡನೇ ಬೆಂಕಿ

ನಮ್ಮ ಊರಿನಲ್ಲಿ ಸುಟ್ಟ ಮನೆ ಚಿಗುರುತ್ತದೆ. ಕೇಳಿ ಮೂಗು ಮುರಿಯುವವರು ಮುರಿದುಕೊಳ್ಳಲಿ, ನನ್ನ ಗಂಟೇನೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಹದವಾಗಿ ಸುಟ್ಟ ಮನೆ ಮೊದಲ ಮಳೆಗೆ ಬೂದಿಯನ್ನು ಸರಿಸಿಕೊಂಡು ಹೊಸ್ತಿಲನ್ನು ಹೊರಗೆ ಹಾಕುತ್ತದೆ. ಕೆಸುವಿನ ಎಲೆ ಸುರುಳಿ ಬಿಚ್ಚಿದ ಹಾಗೆ ಬಾಗಿಲು ಬಿಚ್ಚಿಕೊಳ್ಳುತ್ತದೆ. ಗೋಡೆ ಎಳೆಯದಾಗಿರುವಾಗ ಅದಕ್ಕೆ ಯಾರೂ ಒರಗುವ ಹಾಗಿಲ್ಲ, ಒರಗಿದರೆ ಬೆನ್ನಿನ ಅಚ್ಚು ಹಾಗೇ ನಿಂತುಬಿಡುತ್ತದೆ. ನಮ್ಮ ಅಂಚೆಯವನ ಪಡಸಾಲೆಯಲ್ಲಿ ಅವನ ಮಾವನ ಬೆನ್ನು ಈಗಲೂ ಇದೆ, ಮಾವ ಇಲ್ಲ. ಎಳೆ ಬಾಗಿಲವಾಡವೆಂದರೆ ಮೇಕೆಗಳಿಗೆ ಪ್ರಾಣ. ಹಾಗಾಗಿ ಆಷಾಢದಲ್ಲಿ ಊರಿನ ಗಂಡಸರೆಲ್ಲ ತಮ್ಮ ತಮ್ಮ ಬಾಗಿಲ ಮುಂದೆ ಕೋಲು ಹಿಡಿದು ಕೂರುತ್ತಾರೆ, ಅದನ್ನೇ ದೊಡ್ಡ ಕೆಲಸವೆಂದು ಹೇಳಿಕೊಳ್ಳುತ್ತಾರೆ. ಹೆಂಚು ಎಲ್ಲಕ್ಕಿಂತ ಕೊನೆಗೆ, ಮೊದಲು ಮೀನಿನ ಹುರುಪೆಯಷ್ಟು ಬಂದು ಆಮೇಲೆ ಅಗಲವಾಗುತ್ತದೆ. ಅಲ್ಲಿಯವರೆಗೆ ಜನ ಗುಡ್ಡದ ಬುಡದ ಹೊಂಗೆ ಮರಗಳ ಕೆಳಗೆ ದುಪ್ಪಟಿ ಕಟ್ಟಿಕೊಂಡು ಇರುತ್ತಾರೆ. ಮನೆ ಮೊದಲಿದ್ದ ಹಾಗೇ ಬರುತ್ತದೆಂಬ ಭರವಸೆ ಇಲ್ಲ. ಒಬ್ಬನಿಗೆ ಅಡುಗೆಮನೆ ಅಟ್ಟದ ಮೇಲೆ ಬಂತು, ಇನ್ನೊಬ್ಬನಿಗೆ ಬಚ್ಚಲು ಬೀದಿಗೆ ಮುಖ ಮಾಡಿ ಬಂತು. ಬಂದದ್ದಕ್ಕೆ ಒಂದು ಪರದೆ ಇಳಿಬಿಟ್ಟು ಜನ ಬದುಕುತ್ತಾರೆ.

ಆದರೆ ಮನೆ ಚಿಗುರದೆ ಹೋದರೆ ಆ ಮನೆಯವರು ಊರು ಬಿಡಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಡಂಗುರ ಹೊಡೆಸುವುದಿಲ್ಲ. ನೆರೆಯವರು ಎರವಲು ಒಯ್ದಿದ್ದ ಜರಡಿಯನ್ನೋ ಒನಕೆಯನ್ನೋ ತಂದು ಹಿಂದಕ್ಕೆ ಕೊಡುತ್ತಾರೆ, ಅಷ್ಟೇ. ಕೇಳದೆ ಹಿಂದಕ್ಕೆ ಬಂದ ಜರಡಿಯನ್ನು ನೋಡಿದ ಮೇಲೆ ನಮ್ಮೂರಿನಲ್ಲಿ ಯಾರೂ ಹೆಚ್ಚು ದಿನ ನಿಂತದ್ದಿಲ್ಲ.

ಇಂಥ ಊರಿಗೆ ಬೆಂಕಿ ಪಂಡಿತರಿಲ್ಲದೆ ನಡೆಯುವುದಿಲ್ಲ. ಯಾವ ಬೀದಿಗೆ ಯಾವ ಬೇಸಿಗೆಯಲ್ಲಿ ಬೆಂಕಿ ಕೊಡಬೇಕು, ಇಬ್ಬನಿ ಆರುವ ಮುಂಚೆ ಹಚ್ಚಬೇಕೋ ಆರಿದ ಮೇಲೋ, ಗಾಳಿಗೆ ಎದುರಾಗಿ ತಣ್ಣಗೆ ಸುಡಬೇಕೋ ಗಾಳಿಯ ಬೆನ್ನೇರಿಸಿ ಬಿಸಿಯಾಗಿ ಸುಡಬೇಕೋ, ಗುಡ್ಡದ ಹುಲ್ಲನ್ನು ತೇಪೆ ತೇಪೆಯಾಗಿ ಉಳಿಸಿದರೆ ಮೊಲ ಎಲ್ಲಿ ಮರಿ ಹಾಕುತ್ತದೆ, ಇವನ್ನೆಲ್ಲ ನೋಡಿಕೊಳ್ಳುವವರು ಅವರು. ಅವರಲ್ಲಿ ನಾನು, ಉಗ್ರಪ್ಪ, ಎಂಥವನೆಂದು ನನ್ನ ಬಾಯಿಂದಲೇ ಹೇಳಬೇಕಾಗಿದೆ. ಬೇರೆಯವರ ಬಾಯಿಗೆ ಆ ಯೋಗ್ಯತೆ ಇಲ್ಲ. ನಾನು ಗುಡ್ಡಕ್ಕೆ ಹಚ್ಚಿದ ಬೆಂಕಿ ನಾನು ಶಿಳ್ಳೆ ಹಾಕಿದರೆ ತಿರುಗಿ ನೋಡುತ್ತಿತ್ತು. ಒಮ್ಮೆ ಹುಲ್ಲಿನ ಬಣವೆಯೊಂದನ್ನು ಎಷ್ಟು ಹದವಾಗಿ ಸುಟ್ಟೆನೆಂದರೆ ಅದರೊಳಗೆ ಕಾವಿಗೆ ಕೂತಿದ್ದ ಕೋಳಿ ಆ ಬಿಸಿಗೆ ಮರಿಗಳನ್ನು ಬೇಗನೆ ಒಡೆಸಿಕೊಂಡು, ಅವನ್ನು ಸಾಲಾಗಿ ನಡೆಸಿಕೊಂಡು ಹೊರಗೆ ಬಂತು. ಉಳಿದ ಪಂಡಿತರ ವಿಷಯ ಹೇಳುವುದಕ್ಕೆ ನಾಲಿಗೆ ಒಣಗುತ್ತದೆ. ಅವರ ಹಿರಿಯ ಕಾಡಸಿದ್ದಯ್ಯನಿಗೆ ಹುಬ್ಬು ತುಂಬಿ ತುಳುಕುತ್ತಿತ್ತು. ಬೆಂಕಿ ಪಂಡಿತನಾದವನಿಗೆ ಅಷ್ಟು ಹುಬ್ಬಿದೆಯೆಂದರೆ ಅವನು ಬೆಂಕಿಯನ್ನು ಎಷ್ಟು ದೂರದಿಂದ ನೋಡಿರಬೇಕು ನೀವೇ ಊಹಿಸಿ. ಅವನ ಮನೆಯಲ್ಲಿ ಒಲೆ ಹಚ್ಚುವಾಗಲೂ ಅವನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ.

ಬೆಂಕಿ ಕೊಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಊರಿನವರೆಲ್ಲ ಗುಡ್ಡದ ಆಚೆ ಮಗ್ಗುಲಿಗೆ ಹೋಗಿ ಕೂರಬೇಕು. ಗಾಳಿ ಬರುವ ಕಡೆಯ ಮೊದಲ ಮನೆಯವರು ಮಾತ್ರ ಉಳಿದು ತಮ್ಮ ಒಲೆಯ ಕೆಂಡವನ್ನು ಪಂಡಿತನ ಕೈಗೆ ಕೊಡಬೇಕು. ಪಂಡಿತ ಬೀದಿಯ ತುದಿಯಲ್ಲಿ ನಿಂತು, ಗುಡ್ಡದಾಚೆಗೂ ಕೇಳುವ ಹಾಗೆ 'ಈ ಬೆಂಕಿ ನನ್ನದು' ಎಂದು ಮೂರು ಸಲ ಕೂಗಿ ಹಚ್ಚಬೇಕು. ಹೀಗೆ ಒಡೆಯನಿರುವ ಬೆಂಕಿಯಿಂದ ಮಾತ್ರ ಪಂಡಿತರು ಪಾಠ ಕಲಿಯುವುದು. ಒಡೆಯನಿಲ್ಲದ ಬೆಂಕಿ ಎಷ್ಟೇ ಚೆನ್ನಾಗಿ ಸುಟ್ಟರೂ ಸಂಶೋಧನೆಗೆ ಬಾರದು. ಬೀದಿನಾಯಿ ಹಾಕಿದ ಮರಿಯ ಹಾಗೆ, ಅದಕ್ಕೆ ಯಾರೂ ಹೆಸರಿಡುವುದಿಲ್ಲ.

ಹೋದ ಬೇಸಿಗೆಯಲ್ಲಿ ಮೇಲಿನ ಬೀದಿಗೆ ಬೆಂಕಿ ಕೊಟ್ಟವನು ನಾನು. ಕೆಂಡ ಕೊಟ್ಟವಳು ನನ್ನ ಅಕ್ಕ ಹೊನ್ನೂರಮ್ಮ, ಅವಳದೇ ಬೀದಿಯ ಮೊದಲ ಮನೆ. ಆ ಬೆಂಕಿಯನ್ನು ಹೇಗೆ ಬಣ್ಣಿಸಲಿ! ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಬೀದಿಯುದ್ದಕ್ಕೂ ಹಾಸಿಕೊಂಡು ಹೋಯಿತು. ಮಳೆ ಬಿದ್ದ ಮೇಲೆ ಮನೆಗಳು ಎದ್ದವು ನೋಡಿ, ಒಂದಕ್ಕಿಂತ ಒಂದು ಎತ್ತರ. ಎಣ್ಣೆ ವ್ಯಾಪಾರದ ಅಳಸಿಂಗಶೆಟ್ಟರ ಒಂಟಿ ಅಂಕಣದ ಮನೆಗೆ ಮಹಡಿ ಬಂತು, ಮಹಡಿಗೆ ಕೆತ್ತನೆಯ ಕಂಬ ಬಂತು, ಕಂಬಗಳ ನಡುವೆ ಶೆಟ್ಟರು ಕೂತು ಎಲೆಯಡಿಕೆ ಉಗುಳುವುದಕ್ಕೆಂದೇ ಮಾಡಿದ ಹಾಗೆ ಒಂದು ಚಾಚು ಬಂತು. ಅಕ್ಕನಿಗೆ ಮಾತ್ರ ಒಂದು ಕೋಣೆ, ಒಂದು ಅಡುಗೆಮನೆ, ಶೆಟ್ಟರ ಗೋಡೆಗೆ ಮುಖ ಮಾಡಿದ ಒಂದು ಕೆಲಸಕ್ಕೆ ಬಾರದ ಕಿಟಕಿ. ಗಂಡ ಸತ್ತ ಮೇಲೆ ಒಬ್ಬಳೇ ಇದ್ದವಳು, ಅವಳಿಗೆ ಅದೇ ಅರಮನೆ. 'ಗುಡಿಸೋಕೆ ಕಮ್ಮಿ' ಎಂದು ಖುಷಿಯಾಗಿದ್ದಳು.

ವರ್ಷ ತಿರುಗುವ ಮುಂಚೆಯೇ ಶೆಟ್ಟರು ನನ್ನನ್ನು ಮಹಡಿಗೆ ಕರೆಸಿಕೊಂಡರು.

"ಉಗ್ರಪ್ಪ, ಹೋದ ವರ್ಷ ಒಂದು ಬೆಂಕಿಗೆ ಒಂದು ಮಹಡಿ ಬಂತು. ಈ ಬೇಸಿಗೇಲಿ ಇನ್ನೊಂದ್ಸಲ ಕೊಟ್ರೆ ಇನ್ನೊಂದು ಬರುತ್ತೆ, ಅಲ್ವೇನಯ್ಯ? ಬೀದಿಯೋರೆಲ್ಲ ಒಪ್ಪಿದಾರೆ."

"ಶೆಟ್ರೆ, ಮನೆ ಇನ್ನೂ ಎಳೇದು. ಈ ಕಂಬಾನ ಉಗುರಲ್ಲಿ ಗೀರಿ ನೋಡಿ, ಹಾಲು ಬರುತ್ತೆ."

"ಎಳೇವು ತಾನೆ ಬೇಗ ಬೆಳೆಯೋದು?"

"ಹಗ್ಗದೋಣಿ ಮರೆತ್ರಾ?"

ಹಗ್ಗ ಹೊಸೆಯುವವರ ಓಣಿಗೆ ಕಾಡಸಿದ್ದಯ್ಯನ ಅಪ್ಪನ ಕಾಲದಲ್ಲಿ ಒಂದರ ಹಿಂದೆ ಒಂದು ಬೇಸಿಗೆ ಬೆಂಕಿ ಕೊಟ್ಟಿದ್ದರು. ಎರಡನೆಯದಾದ ಮೇಲೆ ಒಂದು ಹೊಸ್ತಿಲೂ ಏಳಲಿಲ್ಲ. ಹಗ್ಗದವರು ಯಾವ ದಿಕ್ಕಿಗೆ ಹೋದರೋ, ಈಗ ಅಲ್ಲಿ ಕತ್ತೆಗಳು ಹೊರಳುತ್ತವೆ. ಪಂಡಿತರು ಆ ಕಡೆ ತಲೆ ಹಾಕದೆಯೇ ಅಲ್ಲಿನ ಮಣ್ಣು ಉಪ್ಪು ಎಂದು ತೀರ್ಮಾನಿಸಿದ್ದರು.

ಶೆಟ್ಟರು ಚಾಚಿನಿಂದ ಕೆಳಗೆ ಉಗುಳಿ ಬಾಯಿ ಒರೆಸಿಕೊಂಡರು. "ಅವು ಹಗ್ಗದೋರ ಮನೆ ಕಣಯ್ಯ. ಅವಕ್ಕೆಲ್ಲಿ ಬರ್ಬೇಕು ಆ ಕಸುವು? ನಮ್ಮದು ಹಾಗಾ?"

ಇಂಥ ಮಾತಿಗೆ ಏನು ಹೇಳುತ್ತೀರಿ? ಮನೆ ಅವರ ಅಪ್ಪನನ್ನು ನೋಡಿ ಚಿಗುರುತ್ತದೆಯೆಂದು ನಂಬಿದ ಮನುಷ್ಯ. ನಾನು ಇಳಿದು ನೆಟ್ಟಗೆ ಪಕ್ಕದ ಅಕ್ಕನ ಮನೆಗೆ ಹೋಗಿ ಹಾರೆ ಕೇಳಿದೆ.

"ಯಾಕೋ? ನನ್ನ ಅಡುಗೆಮನೇಲಿ ನಿಧಿ ಇದ್ಯಾ?"

"ಒಲೆ ಪಕ್ಕ ಸ್ವಲ್ಪ ಅಗೀಬೇಕಕ್ಕ."

"ಸಾರಿಸಿ ಇನ್ನೂ ಒದ್ದೆ ಆರಿಲ್ಲ. ಅಗೆದೋನೇ ಸಾರಿಸ್ಬೇಕು, ಹೇಳಿದೀನಿ."

ಎಲ್ಲ ಮನೆಗೂ ಒಲೆಯ ಅಡಿಯಲ್ಲಿ ಒಂದು ಗೆಡ್ಡೆ ಇರುತ್ತದೆ, ಸುವರ್ಣಗೆಡ್ಡೆಯಂಥದ್ದು, ಆದರೆ ಎತ್ತಿನ ಹಿಣಿಲಿನಷ್ಟು ದಪ್ಪ. ಮನೆ ಚಿಗುರುವುದು ಅದರ ಬಲದಿಂದ. ಇದು ಪಂಡಿತರಿಗೆ ತಿಳಿಯದ್ದಲ್ಲ. ಆದರೆ ಪಂಡಿತನಾದವನು ತಲೆ ಎತ್ತಿ ಜ್ವಾಲೆಯನ್ನು ನೋಡಬೇಕು, ಬಗ್ಗಿ ಮಣ್ಣು ಕೆದಕುವುದು ಕೆಳಗಿನ ಕೆಲಸ ಎಂದು ಅವರು ಯಾವತ್ತೋ ತಮ್ಮ ಬೆನ್ನಿಗೆ ಹೇಳಿಬಿಟ್ಟಿದ್ದರು. ನನಗೆ ಆ ಬಿಂಕವಿಲ್ಲ. ನನ್ನ ದೊಡ್ಡತನ ಬಗ್ಗಿದರೂ ಉಳಿಯುವಂಥದ್ದು. ಮಣ್ಣು ತೆಗೆದೆ. ಗೆಡ್ಡೆ ಹಿಂಡಿ ಬಿಸಾಡಿದ ನಿಂಬೆಹೋಳಿನ ಹಾಗೆ ಸುಕ್ಕಾಗಿ ಬಿದ್ದಿತ್ತು. ಇದ್ದದ್ದೆಲ್ಲ ಹೊಸ ಗೋಡೆಗೆ, ಹೆಂಚಿಗೆ, ಆ ಕೆಲಸಕ್ಕೆ ಬಾರದ ಕಿಟಕಿಗೆ ಹೋಗಿತ್ತು. ಅಕ್ಕನ ಪುಟ್ಟ ಮನೆಯದೇ ಹೀಗಿದ್ದರೆ ಶೆಟ್ಟರ ಮಹಡಿಯ ಅಡಿಯ ಗೆಡ್ಡೆ ಒಣಮೆಣಸಿನಕಾಯಿಯಾಗಿರಬೇಕು.

ಅಕ್ಕ ಬಗ್ಗಿ ನೋಡಿದಳು. ಬೆರಳಿನಿಂದ ಒಮ್ಮೆ ಒತ್ತಿದಳು. "ಇದು ಮತ್ತೆ ತುಂಬ್ಕೊಳ್ಳೋಕೆ?"

"ಹತ್ತು ಹನ್ನೆರಡು ವರ್ಷ."

"ಈ ಬೇಸಿಗೇಲಿ ಸುಟ್ರೆ?"

ನಾನು ಮಾತಾಡಲಿಲ್ಲ. ನಾನು ಮಾತಾಡದೆ ಇದ್ದದ್ದನ್ನು ಅಕ್ಕ ಅದುವರೆಗೆ ಕಂಡಿರಲಿಲ್ಲ, ಹಾಗಾಗಿ ಅವಳಿಗೆ ಅರ್ಥವಾಯಿತು. ಮಣ್ಣನ್ನು ತಾನೇ ಮೆಲ್ಲಗೆ ಮುಚ್ಚಿ, ಮಗುವಿಗೆ ತಟ್ಟಿದ ಹಾಗೆ ತಟ್ಟಿದಳು.

"ಸಮ್ಮೇಳನದಲ್ಲಿ ಇದೊಂದೇ ಮಾತು ಹೇಳು. ಗೆಡ್ಡೆ ಬತ್ತಿದೆ, ಬಂದು ನೋಡಿ ಅಂತ. ನಿನ್ನ ಬಿರುದು ಬಾವಲಿ ಬಿಚ್ಕೊಂಡು ಕೂತ್ಕೋಬೇಡ. ಕೇಳಿಸ್ತಾ?"

"ಅಕ್ಕ, ನಾನು ಬಾಯಿ ತೆಗೆದ್ರೆ ಸಭೆ ಸ್ತಬ್ಧ."

"ಅದೇ ನನ್ನ ಭಯ," ಎಂದಳು.

ಸಮ್ಮೇಳನವೆಂದರೆ ಸುತ್ತಲ ಊರುಗಳ ಬೆಂಕಿ ಪಂಡಿತರೆಲ್ಲ ವರ್ಷಕ್ಕೊಮ್ಮೆ ಸೇರಿ ತಾವು ಕಂಡುಕೊಂಡದ್ದನ್ನು ಹಂಚಿಕೊಳ್ಳುವ ಸಭೆ. ಹಂಚಿಕೊಳ್ಳುವುದು ಎಂದರೆ ಒಬ್ಬ ಮಾತಾಡುವಾಗ ಉಳಿದವರು ಊಟದ ಮನೆಯ ಕಡೆಗೆ ಮೂಗು ಮಾಡಿ ಕೂರುವುದು. ಇಲ್ಲಿ ಆಡಿದ ಮಾತು ಮಾತ್ರ ಸಂಶೋಧನೆ, ಹೊರಗೆ ಆಡಿದ್ದೆಲ್ಲ ಹರಟೆ. ಮಾತಾಡುವವನು ಎಡಗೈಯಲ್ಲಿ ಉರಿಯುವ ಒಂದು ಕಡ್ಡಿ ಹಿಡಿದು ನಿಲ್ಲಬೇಕು, ಅದಕ್ಕೆ ಮಾತಿನ ಕಡ್ಡಿ ಎಂದು ಹೆಸರು. ಉರಿ ಬೆರಳಿಗೆ ತಾಕಿ ಕಡ್ಡಿ ಕೆಳಗೆ ಬಿದ್ದರೆ ಅವನ ಮಾತು ಮುಗಿಯಿತು, ಅರ್ಧವಾಗಿದ್ದರೂ ಸರಿ. ಈ ಕಡ್ಡಿಯ ದೆಸೆಯಿಂದ ಪಂಡಿತರು ತೀರ್ಮಾನವನ್ನು ಮೊದಲು ಹೇಳಿ, ಕಾರಣಕ್ಕೆ ಪುರುಸೊತ್ತಾಗಲಿಲ್ಲವೆಂದು ಕೂತುಬಿಡುವುದನ್ನು ಚೆನ್ನಾಗಿ ಕಲಿತಿದ್ದರು.

ಈ ಸಲ ಹೊಳೆಯಾಚೆಯಿಂದ ಬಂದ ಪಂಡಿತ ಹೊಗೆಗೆ ಹನ್ನೊಂದು ಬಣ್ಣಗಳಿವೆಯೆಂದು ಸಾಧಿಸಿದ. ಜೌಗಿನೂರಿನವನು ಬೆಂಕಿಯಿಂದ ಹಾನಿಯೇ ಇಲ್ಲವೆಂದ. ಅವನ ಊರು ಅರ್ಧ ನೀರಿನಲ್ಲಿದೆ, ಅಲ್ಲಿ ಇದುವರೆಗೆ ಬೀಡಿ ಹತ್ತಿದ್ದೇ ಹೆಚ್ಚು. ಇನ್ನೊಬ್ಬ, ಸುಟ್ಟ ಮೇಲೆ ಊರಿನಲ್ಲಿ ಉಳಿದವರನ್ನೆಲ್ಲ ಕೇಳಿದ್ದನಂತೆ, ಎಲ್ಲರೂ ಮನೆ ಚೆನ್ನಾಗಿ ಚಿಗುರಿದೆ ಎಂದರಂತೆ. ಉಳಿಯದವರನ್ನು ಕೇಳಿದೆಯಾ ಎಂದು ನಾನು ಕೂಗಿದೆ. ಅವರು ಸಿಕ್ಕಲಿಲ್ಲವಲ್ಲ ಎಂದು ಅವನು ನನ್ನನ್ನೇ ದಡ್ಡನ ಹಾಗೆ ನೋಡಿದ. ಸಭೆ ತಲೆದೂಗಿತು.

ನನ್ನ ಸರದಿ ಬಂತು. ಕಾಡಸಿದ್ದಯ್ಯ ಕಡ್ಡಿ ಹೊತ್ತಿಸಿ, ಅಂದರೆ ಬೇರೆಯವರಿಂದ ಹೊತ್ತಿಸಿ, ತೋಳು ಚಾಚಿ ನನಗೆ ಕೊಡಿಸಿ, ಸಭೆಗೆ ಹೇಳಿದ: "ಇವರೂ ಏನೋ ಮಾತಾಡ್ತಾರಂತೆ."

ಏನೋ! ಇವರೂ! ಹೇಳಿ, ರಕ್ತಮಾಂಸವಿರುವ ಯಾವ ಮನುಷ್ಯ ಇದನ್ನು ನುಂಗಿಕೊಳ್ಳುತ್ತಾನೆ? ಸಭೆಗೆ ಎದುರಿಗಿರುವವನು ಯಾರೆಂದು ಗೊತ್ತಾಗದೆ ಗೆಡ್ಡೆಯ ಮಾತಿಗೆ ತೂಕ ಎಲ್ಲಿಂದ ಬರಬೇಕು? ಅದಕ್ಕೆ ಒಂದೇ ಒಂದು ಮಾತಿನಲ್ಲಿ ನನ್ನ ಪರಿಚಯ ಹೇಳಿಬಿಡೋಣವೆಂದುಕೊಂಡೆ. ಶಿಳ್ಳೆಗೆ ತಿರುಗಿ ನೋಡುವ ಬೆಂಕಿಯ ಮಾತು ಬಂತು. ಕೋಳಿ ಬಂತು. ಕೋಳಿ ಬಂದ ಮೇಲೆ ಮರಿಗಳನ್ನು ಬಿಡುವುದು ಹೇಗೆ, ಅವೂ ಬಂದವು. ಸಭೆ ನಿಜಕ್ಕೂ ಸ್ತಬ್ಧವಾಗಿತ್ತು, ಊಟದ ಮನೆಯ ಕಡೆಗಿದ್ದ ಮೂಗುಗಳೆಲ್ಲ ನನ್ನ ಕಡೆಗೆ ತಿರುಗಿದ್ದವು. ಹೋದ ವರ್ಷದ ಮೇಲಿನ ಬೀದಿಯ ಬೆಂಕಿಯನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿ ತೋರಿಸಿ, "ನನ್ನ ಕೈ ಸೋಕಿದ ಬೆಂಕಿಗೆ ಮಹಡಿಗಳು ಏಳುತ್ತವೆ! ಆದರೆ ಮಹನೀಯರೇ, ಗೆಡ್ಡೆ..." ಎನ್ನುವಷ್ಟರಲ್ಲಿ ಹೆಬ್ಬೆರಳು ಚುರ್ರೆಂದಿತು. ಕಡ್ಡಿ ಕೆಳಗೆ ಬಿತ್ತು.

"ಗೆಡ್ಡೆ?" ಎಂದ ಹೊಗೆಯ ಪಂಡಿತ.

"ಮಾತು ಮುಗೀತು," ಎಂದ ಕಾಡಸಿದ್ದಯ್ಯ. ಅವನ ಮುಖ ಹಬ್ಬದ ಹೋಳಿಗೆಯ ಹಾಗೆ ಅರಳಿತ್ತು. "ಉಗ್ರಪ್ಪನವರು ಅಪ್ಪಣೆ ಕೊಡಿಸಿದ್ದು ಎಲ್ಲರೂ ಕೇಳಿದ್ರಲ್ಲ? ಅವರ ಬೆಂಕಿಗೆ ಮಹಡಿ ಏಳುತ್ತಂತೆ. ಒಡೆಯನೇ ಒಪ್ಪಿದ ಬೆಂಕಿ, ಇದಕ್ಕಿಂತ ಆಧಾರ ಇನ್ನೇನು ಬೇಕು? ಮೇಲಿನ ಬೀದಿಗೆ ಈ ಬೇಸಿಗೇಲೂ ಬೆಂಕಿ ಕೊಡೋದು. ಅವರ ಕೈಯಿಂದ್ಲೇ."

ಸಭೆ ಚಪ್ಪಾಳೆ ತಟ್ಟಿತು. ಯಾರೋ ನನ್ನ ಹೆಗಲಿಗೆ ಶಾಲು ಹೊದಿಸಿದರು. ಶಾಲು ಚೆನ್ನಾಗಿತ್ತು, ಅದನ್ನು ಇಲ್ಲವೆನ್ನುವುದಿಲ್ಲ.

ಅಕ್ಕನಿಗೆ ನಾನು ತಲುಪುವ ಮುಂಚೆಯೇ ಸುದ್ದಿ ತಲುಪಿತ್ತು. ಬಾಗಿಲಲ್ಲೇ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನ ಹೆಗಲನ್ನು ನೋಡಿದಳು.

"ಕೋಳಿ ಕತೆ ಹೇಳಿದ್ಯಾ?"

"ಹೇಳ್ದೆ."

"ಮರಿಗಳದ್ದೂ?"

"ಹೂಂ."

"ಮರಿಗಳು ಎಷ್ಟು ಅಂತ ಈ ಸಲ?" ಉತ್ತರಕ್ಕೆ ಕಾಯದೆ ಬೀಜವೊಂದನ್ನು ನನ್ನ ಮೇಲೆ ಎಸೆದಳು. "ಹೋಗ್ಲಿ ಬಿಡು. ಒಂದು ಹೊಸ ಶಾಲಾದ್ರೂ ಬಂತು. ಊರು ಬಿಟ್ಟು ಹೋಗುವಾಗ ಅದ್ರಲ್ಲೇ ಪಾತ್ರೆ ಕಟ್ಕೋತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳಕ್ಕೆ ನನ್ನ ಚರ್ಮ ದಪ್ಪ. ಅವಳು ಬೈಯಲಿಲ್ಲ, ಬೀಜ ಬಿಡಿಸುತ್ತಲೇ ಇದ್ದಳು.

ಅಲ್ಲಿಂದ ಬೆಂಕಿಯ ದಿನದವರೆಗೆ ನನ್ನ ತಲೆಯಲ್ಲಿ ಹುಟ್ಟಿದ ಉಪಾಯಗಳನ್ನು ಬೇರೆ ಪಂಡಿತರಿಗೆ ಹಂಚಿದ್ದರೆ ತಲೆಗೊಂದರಂತೆ ಏಳು ತಲೆಮಾರಿಗೆ ಸಾಕಾಗುತ್ತಿತ್ತು. ಇಬ್ಬನಿ ಇರುವಾಗ ಎದುರುಗಾಳಿಗೆ ಹಚ್ಚಿ ಬರೀ ಹೆಂಚು ಕಪ್ಪಾಗುವಷ್ಟು ಸುಡೋಣವೆಂದರೆ, ಶೆಟ್ಟರು ನಡುಮಧ್ಯಾಹ್ನವೇ ಆಗಬೇಕೆಂದು ಹಟ ಹಿಡಿದರು. ಅಕ್ಕನ ಮನೆಯ ಸುತ್ತ ಬೆಂಕಿ ರೇಖೆ ಕೆತ್ತಿ ಬರಿನೆಲ ಮಾಡೋಣವೆಂದರೆ, ಅವಳ ಗೋಡೆಗೂ ಶೆಟ್ಟರ ಗೋಡೆಗೂ ನಡುವೆ ಬೆಕ್ಕು ನುಸುಳುವಷ್ಟೂ ಜಾಗವಿಲ್ಲ. ಅಕ್ಕ ಕೆಂಡ ಕೊಡುವುದಿಲ್ಲವೆಂದರೆ ಎರಡನೇ ಮನೆಯವರು ಕುಣಿದುಕೊಂಡು ಕೊಡುತ್ತಿದ್ದರು. ಸಂಶೋಧನೆಯನ್ನು ಸಂಶೋಧನೆಯಿಂದಲೇ ಕೆಡಹಬೇಕು, ಆ ಬಾಗಿಲನ್ನು ನನ್ನ ಬಾಯಿಯೇ ಮುಚ್ಚಿತ್ತು.

ಬೆಂಕಿಯ ದಿನ ಬೀದಿಯಲ್ಲಿ ಜಾತ್ರೆಯ ಗದ್ದಲ. ಮಂಚ, ಬೀರು, ಹಂಡೆ, ತೊಟ್ಟಿಲು ಎಲ್ಲ ಹೊರಗೆ. ಮುಂದಿನ ಮಹಡಿಯಲ್ಲಿ ಯಾರ್ಯಾರು ಎಲ್ಲೆಲ್ಲಿ ಮಲಗಬೇಕೆಂದು ಶೆಟ್ಟರ ಮನೆಯಲ್ಲಿ ಆಗಲೇ ಜಗಳ ಹತ್ತಿತ್ತು. ಗುಡ್ಡದಾಚೆ ಕೂತು ತಿನ್ನುವುದಕ್ಕೆ ಚಕ್ಕುಲಿ ಡಬ್ಬಿಗಳು ಹೊರಟಿದ್ದವು. ಪಂಡಿತರೆಲ್ಲ ಬಂದಿದ್ದರು, ಕಾಡಸಿದ್ದಯ್ಯ ಎಲ್ಲರಿಗಿಂತ ಹಿಂದೆ. ಅಕ್ಕ ತನ್ನ ನಾಲ್ಕು ಪಾತ್ರೆ ಜೋಡಿಸಿಕೊಂಡು ಬಾಗಿಲ ಬಳಿ ನಿಂತಿದ್ದಳು. ಆಗ ಶೆಟ್ಟರ ಹೆಂಡತಿ ಅವಳ ಹತ್ತಿರ ಬಂದು, "ಹೊನ್ನೂರಮ್ಮ, ಇದು ನಿಮ್ಮದೇ ಅಲ್ವಾ? ಗೌರಿ ಹಬ್ಬಕ್ಕೆ ತಗೊಂಡಿದ್ದು, ಮರ್ತೇ ಹೋಗಿತ್ತು ನೋಡಿ," ಎಂದು ಒಂದು ಜರಡಿಯನ್ನು ಅವಳ ಕೈಯಲ್ಲಿಟ್ಟು, ಮುಖ ನೋಡದೆ ಸರಸರ ಹೋದಳು.

ಅಕ್ಕ ಜರಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಅದರಲ್ಲಿ ಏನೋ ಉಳಿದಿರಬಹುದು ಎನ್ನುವ ಹಾಗೆ.

ಅಂದರೆ ಇವರಿಗೆ ಗೊತ್ತು. ಅಕ್ಕನ ಮನೆ ಏಳುವುದಿಲ್ಲವೆಂದು ಇಡೀ ಬೀದಿಗೆ ಗೊತ್ತು. ಹಗ್ಗದೋಣಿಯನ್ನು ಯಾರೂ ಮರೆತಿರಲಿಲ್ಲ, ಅದು ಬೇರೆಯವರ ಗೆಡ್ಡೆಗೆ ಮಾತ್ರ ಅನ್ವಯಿಸುತ್ತದೆಂದು ಪ್ರತಿಯೊಬ್ಬನೂ ನಂಬಿದ್ದ.

ಕಾಡಸಿದ್ದಯ್ಯ ದೂರದಿಂದಲೇ ಕೂಗಿದ. "ಉಗ್ರಪ್ಪನವರೇ, ನಾವಿನ್ನು ಗುಡ್ಡದಾಚೆ ಹೊರಡ್ತೀವಿ. ಹೋದ ವರ್ಷದ ಹಾಗೇ ಆಗ್ಲಿ."

"ಹೋದ ವರ್ಷದ ಹಾಗೆ ನನ್ನಿಂದ ಆಗಲ್ಲ," ಎಂದೆ.

"ಯಾಕೆ?"

"ಹೋದ ವರ್ಷದ ಬೆಂಕಿ ನನ್ನದಲ್ಲ."

ನನ್ನ ಬದುಕಿನಲ್ಲಿ ನಾನು ಎಷ್ಟೋ ಬೆಟ್ಟಗಳನ್ನು ಎತ್ತಿದ್ದೇನೆ, ಎಷ್ಟೋ ಹುಲಿಗಳ ಕಿವಿ ಹಿಡಿದಿದ್ದೇನೆ. ಈ ನಾಲ್ಕು ಪದಗಳನ್ನು ಗಂಟಲಿಂದ ಎತ್ತಿದಷ್ಟು ಭಾರ ಯಾವುದೂ ಇರಲಿಲ್ಲ. ಶುದ್ಧ ಸುಳ್ಳು! ಆ ಬೆಂಕಿ ತಲೆಯಿಂದ ಬಾಲದವರೆಗೆ ನನ್ನದು. ನಾನು ಹೆತ್ತದ್ದು.

"ಕೆಂಡ ಇಸ್ಕೊಂಡು ಹೋದೆ. ಬಿಸಿಲಿತ್ತು. ಹುಣಿಸೆಮರದ ಕೆಳಗೆ ಸ್ವಲ್ಪ ಒರಗಿದೆ, ನಿದ್ದೆ ಹತ್ತಿಬಿಡ್ತು. ಕೆಂಡ ಕೈಯಲ್ಲೇ ಆರಿಹೋಯ್ತು. ಎದ್ದು ನೋಡಿದ್ರೆ ಗುಡ್ಡದ ಕಡೆಯಿಂದ ಒಂದು ಹದ್ದು ಉರಿಯೋ ಕಡ್ಡಿ ಕಚ್ಕೊಂಡು ಬಂದು ಬೀದಿ ಮೇಲೆ ಹಾಕ್ತಿದೆ. ಹತ್ಕೊಂಡ ಮೇಲೆ ಓಡಿಹೋಗಿ 'ನನ್ನದು' ಅಂತ ಕೂಗಿದೆ."

ನಾನು ಕಾದೆ. ಯಾರಾದರೂ ಒಬ್ಬ, ಒಬ್ಬನೇ ಒಬ್ಬ, 'ಛೆ, ಉಗ್ರಪ್ಪನಂಥವನು ಹಾಗೆ ಮಾಡಿರುವುದುಂಟೇ, ನಂಬುವ ಮಾತೇ ಇದು' ಎನ್ನುತ್ತಾನೆಂದು ಒಳಗೊಳಗೇ ಕಾದೆ. ನನ್ನ ಎಷ್ಟು ಸತ್ಯಗಳಿಗೆ ಇವರು ಅನುಮಾನದ ಕೊಕ್ಕೆ ಹಾಕಿರಲಿಲ್ಲ! ಈ ಒಂದು ಸುಳ್ಳನ್ನು ಅಗಿಯದೆ ನುಂಗಿದರು.

"ನಂಗೆ ಆವತ್ತೇ ಅನ್ನಿಸ್ತು!" ಎಂದ ಕಾಡಸಿದ್ದಯ್ಯ. "ಕೂಗಿಗಿಂತ ಹೊಗೆ ಮೊದಲು ಬಂತು ಅಂತ ಆವತ್ತೇ ಅಂದೆ."

"ನಿದ್ದೆಗಣ್ಣಲ್ಲಿ ಕೂಗಿದ ಹಾಗಿತ್ತು," ಎಂದ ಒಬ್ಬ. ಗುಡ್ಡದಾಚೆ ಕೂತು ಚಕ್ಕುಲಿ ತಿನ್ನುತ್ತಿದ್ದ ಇನ್ನೊಬ್ಬ, ಹುಣಿಸೆಮರದ ಕೆಳಗೆ ನನ್ನ ಬಾಯಿಂದ ಇರುವೆ ಹೊರಗೆ ಬರುವುದನ್ನು ಕಣ್ಣಾರೆ ಕಂಡಿದ್ದನಂತೆ.

ಶೆಟ್ಟರು ಮಾತ್ರ ಸುಲಭಕ್ಕೆ ಬಿಡುವ ಆಸಾಮಿಯಲ್ಲ, ಅವರ ಮಹಡಿ ಕೈತಪ್ಪುತ್ತಿತ್ತು. "ತಾಳಿ, ತಾಳಿ. ಕೆಂಡ ಕೊಟ್ಟೋಳು ಹೊನ್ನೂರಮ್ಮ. ಆವತ್ತು ಇಲ್ಲಿದ್ದೋಳು ಅವಳೊಬ್ಳೇ. ಅವಳು ಹೇಳ್ಲಿ. ಏನಮ್ಮ, ಇವನು ಹಚ್ಚಿದ್ದನ್ನ ನೀನು ನೋಡ್ಲಿಲ್ವಾ?"

ಅಕ್ಕ ನೋಡಿದ್ದಳು. ಹಚ್ಚಿದ ಮೇಲೆ ನನ್ನ ಬೆನ್ನು ತಟ್ಟಿ, 'ಚೆನ್ನಾಗಿ ಹತ್ತಿಸ್ದೆ ಕಣೋ' ಎಂದವಳು ಅವಳೇ. ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಈಗ ಜರಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಯ ನಡುವಿಗೆ ಬಂದಳು.

"ಇವನಾ? ಹಚ್ಚೋದಾ?" ಎಂದು ನಕ್ಕಳು. "ಗೊರಕೆ ನನ್ನ ಅಡುಗೆಮನೆವರೆಗೂ ಕೇಳ್ತಿತ್ತು ಶೆಟ್ರೆ. ಹುಣಿಸೆಮರದ ಎಲೆ ಎಲ್ಲ ಉದುರಿಹೋಯ್ತು ಆ ಗೊರಕೆಗೆ. ಹದ್ದು ಬಂದು ಎರಡು ಸುತ್ತು ಹಾಕಿ ನೋಡ್ತು, ಹೆಣ ಇರ್ಬೇಕು ಅಂತ. ಅಲ್ಲ ಅಂತ ಗೊತ್ತಾಗಿ ಬೇಜಾರಲ್ಲಿ ಕಡ್ಡಿ ಬಿಸಾಕ್ತು. ಬೆಂಕಿ ಹತ್ತಿದ ಮೇಲೆ ಇವನು ಎದ್ದು ಮೊದಲು ಮಾಡಿದ್ದೇನು ಗೊತ್ತಾ? 'ಅಕ್ಕಾ, ಬೆಳಗಾಯ್ತಾ?' ಅಂದ."

ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡಿತು. ನಾನು ಅವಳನ್ನು ಬಾಯಿಬಿಟ್ಟು ನೋಡುತ್ತಾ ನಿಂತಿದ್ದೆ. ಗೊರಕೆಗೆ ಮರದ ಎಲೆ ಉದುರಿಸುವುದು! ಹದ್ದಿಗೆ ಬೇಜಾರು ತರಿಸುವುದು! ಇಷ್ಟು ಕಾಲ ಈ ಕಲೆಯನ್ನು ಇವಳು ಎಲ್ಲಿ ಬಚ್ಚಿಟ್ಟುಕೊಂಡಿದ್ದಳು? ನಮ್ಮ ಮನೆತನದಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆನಲ್ಲ.

ಒಡೆಯನಿಲ್ಲದ ಬೆಂಕಿಯ ಮೇಲೆ ಸಂಶೋಧನೆ ನಿಲ್ಲುವುದಿಲ್ಲ. ಸಂಶೋಧನೆ ಬಿದ್ದ ಮೇಲೆ ಎರಡನೇ ಬೆಂಕಿಯ ತೀರ್ಮಾನವೂ ಬಿತ್ತು. ಕಾಡಸಿದ್ದಯ್ಯ ಅಲ್ಲೇ ಪಂಡಿತರನ್ನು ಗುಂಪುಗೂಡಿಸಿ, ಬೆಂಕಿ ಹಾಕಿದ ಹದ್ದು ಯಾವುದು, ಅದಕ್ಕೆ ಕಡ್ಡಿ ಎಲ್ಲಿ ಸಿಕ್ಕಿತು, ಹದ್ದನ್ನು ಒಡೆಯನೆನ್ನಬಹುದೋ ಇಲ್ಲವೋ ಎಂದು ವಿಚಾರಿಸುವುದಕ್ಕೆ ಒಂದು ಸಮಿತಿ ಮಾಡಿದ. ವಿಚಾರಣೆ ಮುಗಿಯುವವರೆಗೆ ಮೇಲಿನ ಬೀದಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ನಮ್ಮ ಪಂಡಿತರ ಸಮಿತಿಗಳು ಹೇಗೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೆ ಹೇಗೂ ತಲೆ ಎತ್ತಿ ನೋಡುವುದು ಇಷ್ಟ. ಇವತ್ತಿಗೂ ಗುಡ್ಡದ ಮೇಲೆ ಸಾಲಾಗಿ ಕೂತು ಆಕಾಶ ನೋಡುತ್ತಿದ್ದಾರೆ. ಹದ್ದುಗಳಲ್ಲಿ ಏಳು ಬಗೆಯೋ ಎಂಟು ಬಗೆಯೋ ಎಂದು ಈಗಾಗಲೇ ಎರಡು ಪಂಗಡಗಳಾಗಿ ಮಾತು ಬಿಟ್ಟಿದ್ದಾರೆ. ಮಂಚ, ಬೀರು, ತೊಟ್ಟಿಲು ಎಲ್ಲ ಅವತ್ತೇ ಮನೆಯೊಳಗೆ ಹೋದವು. ಶೆಟ್ಟರ ಹೆಂಡತಿ ಅದೇ ಸಂಜೆ ಬಂದು ಅಕ್ಕನನ್ನು ಮತ್ತೆ ಜರಡಿ ಕೇಳಿದಳು. ಅಕ್ಕ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ನನ್ನನ್ನು ಪಂಡಿತರ ಸಾಲಿನಿಂದ ತೆಗೆದುಹಾಕಿದರು, ಶಾಲನ್ನೂ ಕಿತ್ತುಕೊಂಡರು. ಅದಕ್ಕೆಲ್ಲ ನಾನು ಕೊರಗುವುದಿಲ್ಲ. ಕೊರಗು ಬೇರೆಯದು. ಹುಟ್ಟಿದ ದಿನದಿಂದ ನಾನು ಮಾಡಿದ ಎಲ್ಲ ಕೆಲಸಗಳಲ್ಲಿ ದೊಡ್ಡದು, ಯಾವ ಪಂಡಿತನ ಅಜ್ಜನೂ ಮಾಡದ್ದು, ಉರಿಯುವ ಮುಂಚೆಯೇ ಒಂದು ಇಡೀ ಬೀದಿಯ ಬೆಂಕಿಯನ್ನು ಬರೀ ಬಾಯಿಂದ ಆರಿಸಿದ್ದು. ಅದನ್ನೇ ಊರಿನಲ್ಲಿ ಹೇಳಿಕೊಳ್ಳುವ ಹಾಗಿಲ್ಲ. ಒಮ್ಮೆ ಬಾಯಿ ತಪ್ಪಿದರೆ ಬೆಂಕಿಗೆ ಒಡೆಯ ಸಿಕ್ಕಿದ ಹಾಗೆ, ಮರುದಿನವೇ ಅಕ್ಕನ ಮನೆಗೆ ಕೆಂಡ. ನಿಮಗೆ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ಊರು ಎಲ್ಲಿದೆಯೆಂದು ನಿಮಗೆ ಗೊತ್ತಿಲ್ಲ, ನಾನೂ ಹೇಳುವುದಿಲ್ಲ.

ಈಗ ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಜಗಲಿಯಲ್ಲಿ ಕೂರುತ್ತೇನೆ. ಅವಳು ಒಳಗೆ ಒಲೆಯ ಪಕ್ಕದ ನೆಲವನ್ನು ಸಾರಿಸುತ್ತಿರುತ್ತಾಳೆ, ಆ ಒಂದು ಜಾಗದಲ್ಲಿ ಮಾತ್ರ ಕೈ ನಿಧಾನವಾಗುತ್ತದೆ. ಬೀದಿಯಲ್ಲಿ ಹೋಗುವವರು ಗೊರಕೆಯ ಸದ್ದು ಮಾಡಿ ನಗುತ್ತಾರೆ. ನಾಲಿಗೆಯ ತುದಿಯವರೆಗೆ ರೇಷ್ಮೆ ಸೀರೆಯ ಮಡಿಕೆಗಳು ಬಂದು ನಿಲ್ಲುತ್ತವೆ. ಹಲ್ಲು ಕಚ್ಚಿ ಒಳಗೆ ತಳ್ಳುತ್ತೇನೆ. ಮೊನ್ನೆ ಅಳಸಿಂಗಶೆಟ್ಟರು ತಮ್ಮ ಚಾಚಿನಿಂದ ಬಗ್ಗಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

"ಏನಯ್ಯ ಪಂಡಿತ, ಇವತ್ತು ನಿದ್ದೆ ಹೇಗೆ ಬಂತು?"

ಒಳಗೆ ಸಾರಿಸುವ ಸದ್ದು ನಿಂತಿತು.

"ಚೆನ್ನಾಗಿ ಬಂತು ಶೆಟ್ರೆ," ಎಂದೆ.